ಸಭೆಗೆ ಹೋಗದ ಮನೆ

ಸೊಲ್ಲಾಪುರದ ವಿಜಾಪುರ ರಸ್ತೆ, ಹೋಟಗಿ ರಸ್ತೆ, ಅಕ್ಕಲಕೋಟ ರಸ್ತೆಗಳ ಬದಿಯ ಜೋಳದ ಹೊಲಗಳು ಒಂದೊಂದಾಗಿ ಬಡಾವಣೆಗಳಾಗಿವೆ. ಜುಳೆ ಸೊಲ್ಲಾಪುರದ ಯಾವುದೇ ಓಣಿಯಲ್ಲಿ ಬೆಳಗಿನ ಹೊತ್ತು ನಡೆದು ಹೋದರೆ ಒಂದು ಅಂಗಳದಿಂದ ಕನ್ನಡ, ಪಕ್ಕದ ಅಂಗಳದಿಂದ ಮರಾಠಿ, ಎದುರು ಮನೆಯಿಂದ ತೆಲುಗು ಕಿವಿಗೆ ಬೀಳುತ್ತವೆ. ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟ ತಾಲೂಕುಗಳ ಹಳ್ಳಿಗಳಿಂದ ನೌಕರಿಗೆ, ವ್ಯಾಪಾರಕ್ಕೆ, ಮಕ್ಕಳ ವಿದ್ಯೆಗೆ ಎಂದು ಬಂದ ಕನ್ನಡ ಕುಟುಂಬಗಳು ಹೊಲದ ಒಂದು ತುಂಡನ್ನು ಮಾರಿಯೋ, ಬ್ಯಾಂಕಿನ ಸಾಲ ಪಡೆದೋ ಇಲ್ಲಿ ಮನೆ ಕೊಂಡಿವೆ. ಹಾಗೆ ಕೊಂಡ ದಿನವೇ ಆ ಕುಟುಂಬ ಇನ್ನೊಂದು ಸಂಬಂಧಕ್ಕೂ ಒಳಪಡುತ್ತದೆ. ಅದು ಗೃಹನಿರ್ಮಾಣ ಸಹಕಾರ ಸಂಘದ ಸದಸ್ಯತ್ವ. ಜನರ ಬಾಯಲ್ಲಿ ಅದಕ್ಕೆ ಸೊಸಾಯಿಟಿ ಎಂಬ ಒಂದೇ ಹೆಸರು.

ಈ ಸೊಸಾಯಿಟಿಯನ್ನು ನಮ್ಮ ಬಹುಪಾಲು ಮನೆಗಳು ತಿಂಗಳಿಗೊಮ್ಮೆ ಹಣ ಕೇಳುವ ಕಚೇರಿ ಎಂದಷ್ಟೇ ಅರಿತಿವೆ. ನೀರು ಬಾರದಿದ್ದರೆ ಅದರ ಕಾರ್ಯದರ್ಶಿಯನ್ನು ಬೈಯುವುದು, ರಸೀದಿ ಬಂದರೆ ಹಣ ಕಟ್ಟುವುದು, ಇಷ್ಟಕ್ಕೇ ಸಂಬಂಧ ಮುಗಿಯುತ್ತದೆ. ಆದರೆ ಕಾಯಿದೆಯ ಕಣ್ಣಿನಲ್ಲಿ ಅದು ಪ್ರತಿಯೊಂದು ಮನೆಯೂ ಪಾಲುದಾರನಾಗಿರುವ ಒಂದು ಚಿಕ್ಕ ಸರಕಾರ. ಮಕ್ಕಳು ಎಲ್ಲಿ ಆಡಬೇಕು, ಅಜ್ಜ ಎಲ್ಲಿ ಕುಳಿತುಕೊಳ್ಳಬೇಕು, ಮಗಳ ಮದುವೆಯ ಚಪ್ಪರ ಎಲ್ಲಿ ಹಾಕಬೇಕು, ಯಜಮಾನ ತೀರಿಕೊಂಡ ಮೇಲೆ ಮನೆ ಯಾರ ಹೆಸರಿಗೆ ಹೋಗಬೇಕು ಎಂಬ ಪ್ರಶ್ನೆಗಳೆಲ್ಲ ಒಂದಿಲ್ಲೊಂದು ದಿನ ಅದರ ಮೇಜಿಗೆ ಬರುತ್ತವೆ. ಅಲ್ಲಿ ಕುಳಿತುಕೊಳ್ಳದ ಕುಟುಂಬ ತನ್ನ ಸ್ವಂತ ಮನೆಯಲ್ಲಿಯೇ ಬಾಡಿಗೆದಾರನಂತೆ ಬಾಳಬೇಕಾಗುತ್ತದೆ.

ಒಂದು ಸಂಜೆಯ ಗೈರುಹಾಜರಿ

ನನಗೆ ತಿಳಿದ ಒಂದು ಸೊಸಾಯಿಟಿಯ ಸಂಗತಿಯನ್ನು ಹೇಳುತ್ತೇನೆ. ಹೆಸರು ಬೇಡ. ನಲವತ್ತೆಂಟು ಮನೆಗಳು, ಅವುಗಳಲ್ಲಿ ಹದಿನಾಲ್ಕು ಕನ್ನಡದವು. ಎರಡು ಕಟ್ಟಡಗಳ ನಡುವಿನ ಖಾಲಿ ಜಾಗದಲ್ಲಿ ಮಕ್ಕಳು ಸಂಜೆ ಐದರಿಂದ ದೀಪ ಹತ್ತುವವರೆಗೆ ಲಗೋರಿ, ಕ್ರಿಕೆಟ್ ಆಡುತ್ತಿದ್ದರು. ಕನ್ನಡ ಶಾಲೆಯ ಮಕ್ಕಳಿಗೂ ಮರಾಠಿ ಶಾಲೆಯ ಮಕ್ಕಳಿಗೂ ಗೆಳೆತನ ಬೆಳೆದದ್ದು ಆ ಜಾಗದಲ್ಲಿಯೇ. ಸಪ್ಟೆಂಬರ್ ತಿಂಗಳ ವಾರ್ಷಿಕ ಸರ್ವಸಾಧಾರಣ ಸಭೆಯ ಸೂಚನಾಪತ್ರ ಫಲಕದ ಮೇಲೆ ಅಂಟಿತು. ಅದರ ಏಳನೆಯ ವಿಷಯ ‘ವಾಹನ ನಿಲುಗಡೆಯ ವ್ಯವಸ್ಥೆ’. ಕನ್ನಡದ ಮನೆಗಳಿಂದ ಯಾರೂ ಸಭೆಗೆ ಹೋಗಲಿಲ್ಲ. ಅಕ್ಟೋಬರಿನ ಮೊದಲ ವಾರ ಆ ಜಾಗದಲ್ಲಿ ಹಳದಿ ಗೆರೆಗಳು ಬಂದವು. ಹನ್ನೆರಡು ಕಾರುಗಳು ನಿಂತವು. ಚೆಂಡು ತಗುಲಿ ಒಂದು ಕಾರಿನ ಗಾಜು ಒಡೆದಾಗ ದಂಡದ ಚೀಟಿ ಕನ್ನಡದ ಮನೆಯೊಂದಕ್ಕೆ ಬಂತು.

ಆ ಮನೆಯ ಹಿರಿಯರು ಕಾಗದಗಳನ್ನು ಹಿಡಿದು ನನ್ನಲ್ಲಿಗೆ ಬಂದಾಗ ಅವರ ಮೊದಲ ಮಾತು, “ವಕೀಲರೇ, ಹನ್ನೊಂದು ಮಂದಿ ಕೂಡಿ ನಲವತ್ತೆಂಟು ಮನಿ ನಿರ್ಣಯ ಹ್ಯಾಂಗ ಮಾಡ್ತಾರ್ರೀ?” ಎಂಬುದಾಗಿತ್ತು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಅವರಿಗೆ ರುಚಿಸಲಿಲ್ಲ.

ಮಹಾರಾಷ್ಟ್ರದ ಹೆಚ್ಚಿನ ಸಂಘಗಳು ಅಂಗೀಕರಿಸಿಕೊಂಡಿರುವ ಮಾದರಿ ಉಪವಿಧಿಗಳ ಪ್ರಕಾರ ಸರ್ವಸಾಧಾರಣ ಸಭೆಯ ಕೋರಂ ಎಂದರೆ ಒಟ್ಟು ಸದಸ್ಯರ ಮೂರನೆಯ ಎರಡು ಭಾಗ ಅಥವಾ 20 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ನಲವತ್ತೆಂಟು ಮನೆಗಳ ಸಂಘಕ್ಕೆ 20 ಜನ ಬೇಕು. ಅರ್ಧ ಗಂಟೆ ಕಾದರೂ ಅಷ್ಟು ಜನ ಸೇರದಿದ್ದರೆ ಸಭೆಯನ್ನು ಮುಂದೂಡಲಾಗುತ್ತದೆ. ಸೂಚನಾಪತ್ರದಲ್ಲಿ ಮೊದಲೇ ತಿಳಿಸಿದ್ದರೆ ಅದೇ ದಿನದ ಮುಂದಿನ ಗಳಿಗೆಗೇ ಮುಂದೂಡಬಹುದು. ಹಾಗೆ ಮುಂದೂಡಿದ ಸಭೆಗೆ ಕೋರಂನ ಬಂಧನವಿಲ್ಲ. ಬಂದವರು ಎಷ್ಟೇ ಜನರಿರಲಿ, ಪತ್ರದಲ್ಲಿ ಕಾಣಿಸಿದ ವಿಷಯಗಳ ಮೇಲೆ ಅವರು ಮಾಡಿದ ಠರಾವು ಎಲ್ಲ ಮನೆಗಳನ್ನೂ ಕಟ್ಟಿಹಾಕುತ್ತದೆ. ‘ಕೋರಂ ಆಗದಿದ್ದರೆ ಸಭೆ ಅರ್ಧ ಗಂಟೆಯ ನಂತರ ಅದೇ ಸ್ಥಳದಲ್ಲಿ ನಡೆಯುವುದು’ ಎಂದು ಸೂಚನಾಪತ್ರದ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿರುವ ಸಾಲಿಗೆ ಇಷ್ಟು ಶಕ್ತಿಯಿದೆ.

ಇನ್ನೂ ಒಂದು ಗಂಟು ಇತ್ತು. ಸರ್ವಸಾಧಾರಣ ಸಭೆಯ ಠರಾವನ್ನು ಬದಲಿಸುವ ಅಥವಾ ರದ್ದುಪಡಿಸುವ ಪ್ರಸ್ತಾವವನ್ನು ಆರು ತಿಂಗಳು ಕಳೆಯುವವರೆಗೆ ಮತ್ತೆ ಸಭೆಯ ಮುಂದೆ ತರುವಂತಿಲ್ಲ. ಒಂದು ಸಂಜೆಯ ಗೈರುಹಾಜರಿಗೆ ಮಕ್ಕಳು ಅರ್ಧ ವರ್ಷದ ಆಟವನ್ನು ತೆತ್ತರು.

ಆ ಆರು ತಿಂಗಳು ವ್ಯರ್ಥವಾಗಲಿಲ್ಲ. ಐದನೆಯ ಒಂದು ಭಾಗದಷ್ಟು ಸದಸ್ಯರು ಲಿಖಿತವಾಗಿ ಕೇಳಿದರೆ ಆಡಳಿತ ಸಮಿತಿ ಒಂದು ತಿಂಗಳೊಳಗೆ ವಿಶೇಷ ಸಭೆಯನ್ನು ಕರೆಯಬೇಕೆಂದು ಕಾಯಿದೆ ಹೇಳುತ್ತದೆ. ಅವರಿಗೆ ಬೇಕಾಗಿದ್ದುದು ಹತ್ತು ಸಹಿಗಳು. ಕನ್ನಡದವರೇ ಹದಿನಾಲ್ಕು ಮನೆ ಇದ್ದುದರಿಂದ ಸಹಿ ಕೂಡಿಸುವುದು ಕಷ್ಟವಿರಲಿಲ್ಲ. ಆದರೆ ಸದಸ್ಯರ ಬೇಡಿಕೆಯಿಂದ ಕರೆದ ಸಭೆಯಲ್ಲಿ ಕೋರಂ ಆಗದಿದ್ದರೆ ಅದು ಮುಂದೂಡಲ್ಪಡುವುದಿಲ್ಲ, ಅಲ್ಲಿಯೇ ವಿಸರ್ಜನೆಯಾಗುತ್ತದೆ. ಆದ್ದರಿಂದ ಇಪ್ಪತ್ತು ಜನ ಬಂದು ಕೂಡಲೇಬೇಕಿತ್ತು. ನಮ್ಮವರು ಮೊದಲ ಬಾರಿಗೆ ನೆರೆಯ ಮರಾಠಿ ಮತ್ತು ತೆಲುಗು ಮನೆಗಳ ಬಾಗಿಲು ತಟ್ಟಿದರು. ಹೋದಲ್ಲೆಲ್ಲ ಕಂಡದ್ದು ಒಂದೇ ಸಂಗತಿ. ಅವರ ಮಕ್ಕಳಿಗೂ ಆಡಲು ಜಾಗವಿರಲಿಲ್ಲ, ಅವರೂ ಆ ಸಭೆಗೆ ಹೋಗಿರಲಿಲ್ಲ.

ಏಪ್ರಿಲ್ ತಿಂಗಳ ಆ ಸಭೆಗೆ ಮೂವತ್ತೊಂದು ಸದಸ್ಯರು ಬಂದರು. ಕಾರಿನ ಮಾಲೀಕರೂ ಬಂದಿದ್ದರು, ಅವರ ಅಡಚಣೆಯೂ ನಿಜವಾದದ್ದೇ ಆಗಿತ್ತು. ಎರಡು ಗಂಟೆಗಳ ವಾದದ ಬಳಿಕ ಕಾರುಗಳು ಗೋಡೆಯ ಒಂದೇ ಬದಿಗೆ ಸರಿದವು. ಸಂಜೆ ಐದರಿಂದ ಏಳೂವರೆಯವರೆಗೆ ಉಳಿದ ಅರ್ಧ ಜಾಗ ಮಕ್ಕಳಿಗೆ ಎಂದು ಠರಾವಾಯಿತು. ಯಾರೂ ಪೂರ್ತಿ ಗೆಲ್ಲಲಿಲ್ಲ. ಕೋರ್ಟಿನ ಮೆಟ್ಟಿಲನ್ನೂ ಯಾರೂ ಹತ್ತಲಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಓದುಗರು ನೆನಪಿಡಬೇಕು. ಆ ಜಾಗ ಕಟ್ಟಡಗಳ ನಡುವಿನ ಸಾಮಾನ್ಯ ಖಾಲಿ ಸ್ಥಳವಾಗಿತ್ತು. ಮಹಾನಗರಪಾಲಿಕೆ ಮಂಜೂರು ಮಾಡಿದ ನಕ್ಷೆಯಲ್ಲಿ ಮನರಂಜನೆಗೆ ಮೀಸಲಾದ ಬಯಲು ಎಂದು ತೋರಿಸಿದ ಜಾಗದ ಮಾತೇ ಬೇರೆ. ಅದನ್ನು ಬೇರೆ ಉಪಯೋಗಕ್ಕೆ ತಿರುಗಿಸಲು ಸೊಸಾಯಿಟಿಯ ಠರಾವೊಂದೇ ಸಾಲದು. ಆದ್ದರಿಂದ ನಿಮ್ಮ ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿಯೊಂದು ಮನೆಯಲ್ಲಿರುವುದು ಒಳ್ಳೆಯದು.

ಈ ವ್ಯವಸ್ಥೆ ನಮಗೆ ಹೊರಗಿನದಲ್ಲ

“ಅದೆಲ್ಲ ಅವರ ವ್ಯವಹಾರ, ನಮಗೇಕೆ?” ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಕೇಳುತ್ತೇವೆ. ಇತಿಹಾಸ ಇದಕ್ಕೆ ವಿರುದ್ಧವಾದ ಸಾಕ್ಷಿ ನುಡಿಯುತ್ತದೆ. 1904ರಲ್ಲಿ ಸಹಕಾರ ಸಾಲ ಸಂಘಗಳ ಕಾಯಿದೆ ಬಂದಾಗ ಅದರ ಫಲವನ್ನು ಮೊದಲು ಉಂಡ ಊರುಗಳಲ್ಲಿ ಇಂದಿನ ಗದಗ ಜಿಲ್ಲೆಯ ಕಣಗಿನಹಾಳ ಅಗ್ರಗಣ್ಯವಾದದ್ದು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಅಲ್ಲಿ ಸಹಕಾರ ಸಂಘವನ್ನು ಕಟ್ಟಿದರು. ಅಂದು ಧಾರವಾಡ ಜಿಲ್ಲೆಯೂ ಸೊಲ್ಲಾಪುರ ಜಿಲ್ಲೆಯೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1925ರ ಮುಂಬಯಿ ಸಹಕಾರ ಸಂಘಗಳ ಕಾಯಿದೆ ಎರಡೂ ಕಡೆಗೆ ಅನ್ವಯಿಸುತ್ತಿತ್ತು. ಇಂದು ನಮ್ಮ ಸೊಸಾಯಿಟಿಗಳನ್ನು ಆಳುವ 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯಿದೆ ಅದೇ ಬೇರಿನಿಂದ ಚಿಗುರಿದ್ದು. 2019ರಲ್ಲಿ ಗೃಹನಿರ್ಮಾಣ ಸಂಘಗಳಿಗಾಗಿ ಅದಕ್ಕೆ ಪ್ರತ್ಯೇಕ ಅಧ್ಯಾಯವೊಂದನ್ನು ಸೇರಿಸಲಾಯಿತು.

ಮನೆಗಳ ಸಂಘದ ಕತೆಯಲ್ಲಿಯೂ ಕನ್ನಡ ನಾಡಿನ ನಂಟಿದೆ. 1909ರ ಬೆಂಗಳೂರು ಬಿಲ್ಡಿಂಗ್ ಸಹಕಾರ ಸಂಘವನ್ನು ಭಾರತದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಗುರುತಿಸುತ್ತಾರೆ. ಮುಂಬಯಿಯ ಗಾಮದೇವಿಯಲ್ಲಿ 1915ರಲ್ಲಿ ಸಾರಸ್ವತ ಗೃಹನಿರ್ಮಾಣ ಸಂಘ ಹುಟ್ಟಿತು. ಅದರ ಮುಂದಾಳು ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಚಿತ್ರಾಪುರ ಸಾರಸ್ವತರು. ಕೆನರಾ ಜಿಲ್ಲೆಗಳಿಂದ ನೌಕರಿಗೆ ಬಂದ ತಮ್ಮವರಿಗೆ ಮಹಾನಗರದಲ್ಲಿ ನೆಲೆ ಬೇಕೆಂಬ ಚಿಂತೆಯೇ ಆ ಸಂಘದ ಬೀಜ. ಪರಸ್ಥಳಕ್ಕೆ ಹೋದವರು ಒಬ್ಬೊಬ್ಬರಾಗಿ ದುರ್ಬಲರು, ಕೂಡಿದರೆ ಒಂದು ಬೀದಿಯನ್ನೇ ಕಟ್ಟಬಲ್ಲರು ಎಂಬುದನ್ನು ಅವರು ನೂರು ವರ್ಷಗಳ ಹಿಂದೆಯೇ ಅರಿತಿದ್ದರು. ಸೊನ್ನಲಿಗೆಯ ಸಿದ್ಧರಾಮರ ಹೆಸರಿನೊಡನೆ ಕೆರೆ ಕಟ್ಟಿದ ಕಾಯಕವನ್ನು ಇಂದಿಗೂ ಸ್ಮರಿಸುವ ಊರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾಷೆಯ ಅಂಜಿಕೆ

ಸಭೆಗೆ ಏಕೆ ಹೋಗುವುದಿಲ್ಲ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಭಾಷೆಯದೇ. ಸೂಚನಾಪತ್ರ ಮರಾಠಿಯಲ್ಲಿರುತ್ತದೆ, ಲೆಕ್ಕಪತ್ರ ಇಂಗ್ಲಿಷಿನಲ್ಲಿರುತ್ತದೆ. ಸಂತೆಯಲ್ಲಿ, ಬಸ್ಸಿನಲ್ಲಿ ಸಲೀಸಾಗಿ ಮರಾಠಿ ಆಡುವವರು ಕೂಡ ಸಭೆಯಲ್ಲಿ ಎದ್ದು ನಿಂತು ಮಾತನಾಡಲು ಹಿಂಜರಿಯುತ್ತಾರೆ. ತಪ್ಪು ಮಾತು ಬಂದರೆ ನಕ್ಕಾರೆಂಬ ಅಳುಕು.

ಈ ವಿಷಯದಲ್ಲಿ ಕಾಯಿದೆಯ ಸ್ಥಿತಿಯನ್ನು ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಸಂವಿಧಾನದ 29ನೆಯ ಅನುಚ್ಛೇದ ತಮ್ಮ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕನ್ನು ನಮಗೆ ಕೊಟ್ಟಿದೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು 350ಎ ಅನುಚ್ಛೇದ ರಾಜ್ಯಗಳಿಗೆ ಹೇಳುತ್ತದೆ. ನಮ್ಮ ಕನ್ನಡ ಶಾಲೆಗಳಿಗೆ ಅದು ಬಲವಾದ ಆಧಾರ. ಆದರೆ ಇದು ಸರಕಾರದ ಮೇಲಿನ ಹೊಣೆ. ಸೂಚನಾಪತ್ರವನ್ನು ಕನ್ನಡದಲ್ಲಿಯೂ ಕೊಡಬೇಕೆಂದು ಸೊಸಾಯಿಟಿಯನ್ನು ಒತ್ತಾಯಿಸುವ ಕಾನೂನಿನ ಆಧಾರ ನಮ್ಮಲ್ಲಿಲ್ಲ. ಸೌಜನ್ಯದಿಂದ ಕೇಳಬಹುದು, ಕೊಟ್ಟರೆ ಸಂತೋಷ.

ಆದರೆ ನಮ್ಮ ಮನೆಗಳಲ್ಲಿಯೇ ಒಂದು ಸಾಧನವಿದೆ, ಅದನ್ನು ನಾವು ಬಳಸಿಕೊಂಡಿಲ್ಲ. ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಲಿಕೆಯನ್ನು 2020ರ ಕಾಯಿದೆ ಕಡ್ಡಾಯಗೊಳಿಸಿದೆ. ಕನ್ನಡ ಮಾಧ್ಯಮದ ಏಳನೆಯ ತರಗತಿಯ ಹುಡುಗಿ ಫಲಕದ ಮೇಲಿನ ಮರಾಠಿಯನ್ನು ಓದಿ ಅದರ ಅರ್ಥವನ್ನು ಆಯಿಗೆ ಕನ್ನಡದಲ್ಲಿ ಹೇಳಬಲ್ಲಳು. ‘ಇತಿವೃತ್ತ’ ಎಂದರೆ ನಡಾವಳಿ, ‘ಥಕಬಾಕಿ’ ಎಂದರೆ ಉಳಿದ ಬಾಕಿ, ‘ಸಭಾಸದ’ ಎಂದರೆ ಸದಸ್ಯ ಎಂದು ಅವಳೇ ತಂದೆಗೆ ಬರೆದು ಕೊಟ್ಟರೆ ಅದು ಅವಳ ಎರಡೂ ಭಾಷೆಗಳಿಗೆ ಒಳ್ಳೆಯ ಪಾಠ. ಮಗುವಿಗೆ ಓದಿಸಬೇಕು, ಆದರೆ ಸಭೆಯಲ್ಲಿ ಕುಳಿತುಕೊಳ್ಳಬೇಕಾದವರು ಹಿರಿಯರೇ. ಕನ್ನಡ ಶಾಲೆಗೆ ಮಗುವನ್ನು ಕಳುಹಿಸುವ ಕುಟುಂಬ ಸೊಸಾಯಿಟಿಯ ಸಭೆಯಲ್ಲಿ ಮರಾಠಿ ಮಾತನಾಡಿದರೆ ಕನ್ನಡಕ್ಕೆ ಕುಂದು ಬರುವುದಿಲ್ಲ. ನೆರೆಹೊರೆಯಲ್ಲಿ ತನ್ನ ಮಾತಿಗೆ ಬೆಲೆ ಇರುವ ಮನೆ ತನ್ನ ಭಾಷೆಯನ್ನೂ ಧೈರ್ಯದಿಂದ ಆಡುತ್ತದೆ.

ಕನ್ನಡ ಕುಟುಂಬ ಎಂಬ ಕಾರಣಕ್ಕೆ ಸದಸ್ಯತ್ವ ನಿರಾಕರಿಸಬಹುದೇ ಎಂದು ಕೆಲವರು ಕೇಳುತ್ತಾರೆ. 2005ರಲ್ಲಿ ಝೋರೊಆಸ್ಟ್ರಿಯನ್ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ, ಸಂಘವೊಂದು ತನ್ನ ನೋಂದಾಯಿತ ಉಪವಿಧಿಯಲ್ಲಿಯೇ ಒಂದು ಸಮುದಾಯಕ್ಕೆ ಸದಸ್ಯತ್ವವನ್ನು ಸೀಮಿತಗೊಳಿಸಿಕೊಂಡಿದ್ದರೆ ಅದು ಅಸಿಂಧುವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಮಾದರಿ ಉಪವಿಧಿಯನ್ನು ಅಂಗೀಕರಿಸಿದ ಸಾಮಾನ್ಯ ಸೊಸಾಯಿಟಿಯಲ್ಲಿ ಅಂಥ ನಿರ್ಬಂಧವಿರುವುದಿಲ್ಲ. ಅಲ್ಲಿ ಯೋಗ್ಯ ಕಾರಣವಿಲ್ಲದೆ ಅರ್ಹನನ್ನು ನಿರಾಕರಿಸುವಂತಿಲ್ಲ. ಅರ್ಜಿಗೆ ಮೂರು ತಿಂಗಳಲ್ಲಿ ಉತ್ತರ ಕೊಡದಿದ್ದರೆ ಅರ್ಜಿದಾರ ಸದಸ್ಯನಾದನೆಂದೇ ಕಾಯಿದೆ ಭಾವಿಸುತ್ತದೆ. ಆದ್ದರಿಂದ ಅರ್ಜಿ ಕೊಟ್ಟ ದಿನದ ಸ್ವೀಕೃತಿಯನ್ನು ಪಡೆದು ಜೋಪಾನವಾಗಿಡಬೇಕು.

ಮನೆಯೊಳಗಿನ ಲೆಕ್ಕ

ಕುಟುಂಬದ ಜೇಬಿಗೆ ನೇರವಾಗಿ ತಟ್ಟುವ ಕೆಲವು ನಿಯಮಗಳಿವೆ. ಕಾವಲುಗಾರ, ಕಸಗುಡಿಸುವವರು, ಸಾಮಾನ್ಯ ದೀಪ ಮುಂತಾದ ಸೇವಾಶುಲ್ಕವನ್ನು ಎಲ್ಲ ಮನೆಗಳೂ ಸಮವಾಗಿ ಹಂಚಿಕೊಳ್ಳಬೇಕು, ಮನೆ ದೊಡ್ಡದಿರಲಿ ಚಿಕ್ಕದಿರಲಿ. ನೀರಿನ ಖರ್ಚು ನಳಗಳ ಸಂಖ್ಯೆಯನ್ನು ಅನುಸರಿಸುತ್ತದೆ. ಬಾಕಿಯ ಮೇಲಿನ ಬಡ್ಡಿ ವರ್ಷಕ್ಕೆ ಶೇಕಡಾ 21ನ್ನು ಮೀರಬಾರದು, ಅದೂ ಸರಳ ಬಡ್ಡಿ. ಮನೆ ಮಾರಿದಾಗ ಸೊಸಾಯಿಟಿ ಕೇಳುವ ವರ್ಗಾವಣೆಯ ಪ್ರೀಮಿಯಂ ಮಹಾನಗರಪಾಲಿಕೆಯ ಪ್ರದೇಶದಲ್ಲಿ ₹25,000ಕ್ಕಿಂತ ಹೆಚ್ಚಿರಬಾರದು. ಕುಟುಂಬದೊಳಗಿನ ವರ್ಗಾವಣೆಗೆ ಆ ಪ್ರೀಮಿಯಂ ಇಲ್ಲವೇ ಇಲ್ಲ.

ನಮ್ಮ ಕನ್ನಡ ಕುಟುಂಬಗಳಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ನಿಯಮವಿದೆ. ತಂದೆ ಹಳ್ಳಿಯಲ್ಲಿ ಒಕ್ಕಲುತನ ಮಾಡುತ್ತಾರೆ. ಸೊಲ್ಲಾಪುರದ ಮನೆ ಅವರ ಹೆಸರಿನಲ್ಲಿದೆ. ಅಲ್ಲಿ ವಾಸಿಸುವವರು ಮಗಳು, ಅಳಿಯ ಮತ್ತು ಶಾಲೆಗೆ ಹೋಗುವ ಮೊಮ್ಮಕ್ಕಳು. ಸದಸ್ಯ ಸ್ವತಃ ವಾಸಿಸದ ಮನೆ ಎಂದು ಹೇಳಿ ಸೊಸಾಯಿಟಿ ಹೆಚ್ಚಿನ ಶುಲ್ಕ ಹಾಕುತ್ತದೆ. ಬಾಡಿಗೆಗೆ ಕೊಟ್ಟ ಮನೆಗೂ ಆ ಶುಲ್ಕ ಸೇವಾಶುಲ್ಕದ ಶೇಕಡಾ 10ನ್ನು ಮೀರಬಾರದೆಂದು ಸರಕಾರ 2001ರಲ್ಲಿಯೇ ಆದೇಶಿಸಿದೆ. ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು, ಅಳಿಯ, ಸೊಸೆ, ಮೊಮ್ಮಕ್ಕಳು ವಾಸವಾಗಿದ್ದರೆ ಅದನ್ನು ಹಾಕುವಂತೆಯೇ ಇಲ್ಲ. ಮಗಳ ಸಂಸಾರ ಬಾಡಿಗೆದಾರರ ಸಾಲಿಗೆ ಸೇರುವುದಿಲ್ಲ ಎಂದು ಕಾರ್ಯದರ್ಶಿಗೆ ಒಂದು ಪತ್ರ ಬರೆದರೆ ಸಾಕು, ಬಹಳಷ್ಟು ಕಡೆ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದದ್ದು ನಾಮನಿರ್ದೇಶನ. ಯಜಮಾನರು ಬದುಕಿರುವಾಗ ಆ ಮಾತೆತ್ತಿದರೆ ಅಪಶಕುನವೆಂದು ಮನೆಯವರು ಬಾಯಿ ಮುಚ್ಚಿಸುತ್ತಾರೆ. ಅವರು ತೀರಿಕೊಂಡ ಬಳಿಕ ವಿಧವೆಯಾದ ತಾಯಿ ದಾಖಲೆಗಳಿಗಾಗಿ ಅಲೆಯಬೇಕಾಗುತ್ತದೆ. ಮೊದಲ ನಾಮನಿರ್ದೇಶನಕ್ಕೆ ಶುಲ್ಕವಿಲ್ಲ. ಅರ್ಜಿಯನ್ನು ಮೂರು ಪ್ರತಿಗಳಲ್ಲಿ ತುಂಬಿ, ಸಮಿತಿಯ ದಾಖಲೆಗೆ ಸೇರಿದ ನಂತರ ಒಂದು ಪ್ರತಿಯನ್ನು ಹಿಂದಕ್ಕೆ ಪಡೆಯಬೇಕು. ಆದರೆ ನಾಮನಿರ್ದೇಶಿತನೇ ಮನೆಯ ಒಡೆಯನೆಂದು ತಿಳಿಯುವುದು ತಪ್ಪು. 2019ರ ಅಧ್ಯಾಯದ ಪ್ರಕಾರ ಅವನು ತಾತ್ಕಾಲಿಕ ಸದಸ್ಯ ಮಾತ್ರ. ಮೃತ್ಯುಪತ್ರ, ಉತ್ತರಾಧಿಕಾರ ಪ್ರಮಾಣಪತ್ರ ಅಥವಾ ಕುಟುಂಬದ ಒಪ್ಪಂದದಿಂದ ವಾರಸುದಾರರು ನಿರ್ಧಾರವಾಗುವವರೆಗೆ ಅವನು ಮನೆಯನ್ನು ಎಲ್ಲರ ಪರವಾಗಿ ಕಾಯುವವನು. ಹಿರಿಯ ಮಗನ ಹೆಸರನ್ನು ಬರೆಸಿದ ಮಾತ್ರಕ್ಕೆ ತಾಯಿಯ, ಹೆಣ್ಣುಮಕ್ಕಳ ಪಾಲು ಕರಗಿಹೋಗುವುದಿಲ್ಲ. ಈ ಒಂದು ವಾಕ್ಯ ತಿಳಿದಿದ್ದರೆ ಎಷ್ಟೋ ಅಣ್ಣತಂಗಿಯರ ಮಾತು ನಿಂತುಹೋಗುತ್ತಿರಲಿಲ್ಲ.

ಹೆಣ್ಣುಮಕ್ಕಳ ವಿಷಯ ಬಂದುದರಿಂದ ಇದನ್ನೂ ಹೇಳಬೇಕು. ಆಡಳಿತ ಸಮಿತಿಯಲ್ಲಿ ಎರಡು ಸ್ಥಾನಗಳು ಮಹಿಳೆಯರಿಗೆ ಮೀಸಲು. ನೀರು ಯಾವ ಹೊತ್ತಿಗೆ ಬರುತ್ತದೆ, ಯಾವ ದೀಪ ಕೆಟ್ಟಿದೆ, ಯಾವ ಮೂಲೆಯಲ್ಲಿ ಮಕ್ಕಳು ಬಿದ್ದು ಪೆಟ್ಟು ಮಾಡಿಕೊಳ್ಳುತ್ತಾರೆ ಎಂಬುದು ಮನೆಯ ಗಂಡಸರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಹೀಗಿದ್ದೂ ಆ ಎರಡು ಸ್ಥಾನಗಳು ಖಾಲಿ ಉಳಿಯುವುದನ್ನು, ಇಲ್ಲವೇ ಹೆಸರಿಗಷ್ಟೇ ತುಂಬುವುದನ್ನು ಕಾಣುತ್ತೇವೆ.

ಜಗಳ ಬಂದಾಗ

ಒಂದೇ ಗೋಡೆಯ ಆಚೀಚೆ ಬಾಳುವವರ ನಡುವೆ ಜಗಳ ಬಾರದಿರದು. ವಕೀಲನಾಗಿ ನನ್ನ ಸಲಹೆ, ಮೊದಲ ದಿನವೇ ವಕೀಲನ ಬಳಿ ಬರಬೇಡಿ ಎಂಬುದೇ. ಮೊದಲು ಕಾರ್ಯದರ್ಶಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿಯ ಸಹಿ ಪಡೆಯಿರಿ. ಲೆಕ್ಕಪತ್ರ ಮತ್ತು ನಡಾವಳಿಯ ಪ್ರತಿಗಳನ್ನು ಶುಲ್ಕ ಕೊಟ್ಟು ಪಡೆಯುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗಿದೆ. ದಾಖಲೆ ಕೊಡದಿದ್ದರೆ, ಸಭೆಯನ್ನೇ ಕರೆಯದಿದ್ದರೆ, ಸದಸ್ಯತ್ವ ಕೊಡದಿದ್ದರೆ ಸಹಕಾರ ಇಲಾಖೆಯ ಉಪನಿಬಂಧಕರಿಗೆ ದೂರು. ಠರಾವು, ಚುನಾವಣೆ, ದುರಸ್ತಿ ಮುಂತಾದ ವಿವಾದಗಳಿಗೆ ಸಹಕಾರ ನ್ಯಾಯಾಲಯ. ಅನಧಿಕೃತ ಕಟ್ಟಡಕ್ಕೆ ಮಹಾನಗರಪಾಲಿಕೆ. ಯಾವ ಬಾಗಿಲು ತಟ್ಟಬೇಕೆಂಬುದು ತಿಳಿಯದೆ ತಪ್ಪು ಕಚೇರಿಗೆ ಹೋಗಿ ವರ್ಷಗಳನ್ನು ಕಳೆದವರು ಬಹಳ.

ಜಗಳದ ಹೆಸರಿನಲ್ಲಿ ತಿಂಗಳ ಶುಲ್ಕವನ್ನು ನಿಲ್ಲಿಸುವುದು ಮಾತ್ರ ಅಪಾಯ. ಬಾಕಿದಾರನ ವಿರುದ್ಧ ನಿಬಂಧಕರ ವಸೂಲಿ ಪ್ರಮಾಣಪತ್ರ ಪಡೆಯುವ ದಾರಿ ಸಂಘಕ್ಕೆ ತೆರೆದಿದೆ. ಬಾಕಿದಾರನ ತಕರಾರಿಗೆ ಸಭೆಯಲ್ಲಿ ತೂಕವೂ ಇರುವುದಿಲ್ಲ. ಆಕ್ಷೇಪವನ್ನು ಬರೆದು ಕೊಟ್ಟು ಹಣ ಕಟ್ಟುವುದು ಜಾಣತನ.

ಇಲ್ಲಿ ಹೇಳಿದ ನಿಯಮಗಳು ಮಹಾರಾಷ್ಟ್ರದ ಸಹಕಾರ ಸಂಘಗಳಿಗೆ ಸಂಬಂಧಿಸಿದವು. ಕೇರಳದಲ್ಲಿ 1983ರ, ತಮಿಳುನಾಡಿನಲ್ಲಿ 2022ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಗಳಿವೆ. ಕಾಸರಗೋಡು, ಹೊಸೂರಿನ ಓದುಗರು ತಮ್ಮ ಸಂಘ ಯಾವ ಕಾಯಿದೆಯಡಿ ನೋಂದಣಿಯಾಗಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಉಪವಿಧಿಯ ಪ್ರತಿಯನ್ನು ಪಡೆದು ಓದುವುದು ಎಲ್ಲ ಕಡೆಗೂ ಸಮಾನವಾದ ಮೊದಲ ಹೆಜ್ಜೆ.

ಮಹಾರಾಷ್ಟ್ರದಲ್ಲಿ ಪ್ರತಿ ಸಂಘವೂ ವಾರ್ಷಿಕ ಸಭೆಯನ್ನು ಸಪ್ಟೆಂಬರ್ 30ರೊಳಗೆ ನಡೆಸಬೇಕು. ಹದಿನಾಲ್ಕು ದಿನ ಮುಂಚೆ ಸೂಚನೆ ಬರಬೇಕು. ಒಬ್ಬ ಸದಸ್ಯನಿಗೆ ಒಂದೇ ಮತ, ಮೂರು ಕೋಣೆಯ ಮನೆಗೂ ಒಂದೇ ಕೋಣೆಯ ಮನೆಗೂ ಅಷ್ಟೇ. ಆ ಮತವನ್ನು ಬೇರೊಬ್ಬರ ಕೈಯಲ್ಲಿ ಕೊಟ್ಟು ಕಳುಹಿಸಲು ಬರುವುದಿಲ್ಲ. ಮನೆ ಗಂಡಹೆಂಡತಿಯರ ಜಂಟಿ ಹೆಸರಿನಲ್ಲಿದ್ದು ಮೊದಲ ಹೆಸರಿನವರು ಊರಿನಲ್ಲಿಲ್ಲದಿದ್ದರೆ, ಅವರ ಲಿಖಿತ ಒಪ್ಪಿಗೆಯೊಡನೆ ಎರಡನೆಯವರು ಹೋಗಿ ಮತ ಹಾಕಬಹುದು. ಈ ಬಾರಿ ಫಲಕದ ಮೇಲೆ ಸೂಚನಾಪತ್ರ ಕಂಡ ದಿನವೇ ಮಗಳಿಂದ ಅದನ್ನು ಓದಿಸಿ, ಅದರ ವಿಷಯಗಳನ್ನು ಊಟದ ಹೊತ್ತಿನಲ್ಲಿ ಎಲ್ಲರೂ ಮಾತನಾಡಿಕೊಳ್ಳಿ. ಸಭೆಯ ಸಂಜೆ ಬೇರೆ ಕೆಲಸವನ್ನು ಇಟ್ಟುಕೊಳ್ಳಬೇಡಿ.